ಎಸಿ ರಿಪೇರಿಯೋ, ಹೊಸದೋ: ಸುರತ್ಕಲ್‌ನ ಮನೆಯೊಂದರ ಎರಡು ಯಂತ್ರಗಳ ಲೆಕ್ಕ

ಕರಾವಳಿಯಲ್ಲಿ ಎಸಿಯ ವಯಸ್ಸನ್ನು ಖರೀದಿಯ ಬಿಲ್ ನೋಡಿ ಹೇಳಲಾಗದು. ಹೊರಗಿನ ಯೂನಿಟ್‌ನ ಹಿಂಬದಿಗೆ ಹೋಗಿ, ಅಲ್ಲಿನ ಅಲ್ಯೂಮಿನಿಯಂ ಫಿನ್‌ಗಳು, ಅಂದರೆ ಶಾಖ ಹೊರಹಾಕುವ ತೆಳು ತಗಡುಗಳು, ಇನ್ನೂ ಗಟ್ಟಿಯಾಗಿವೆಯೇ ಅಥವಾ ಬೆರಳು ತಾಗಿದರೆ ಬಿಳಿ ಪುಡಿಯಾಗಿ ಉದುರುತ್ತವೆಯೇ ಎಂದು ನೋಡಿ ಹೇಳಬೇಕು. ಸುರತ್ಕಲ್‌ನಲ್ಲಿ ಕಡಲಿನಿಂದ ಹೆಚ್ಚು ದೂರವಿಲ್ಲದ ನಮ್ಮ ಮನೆಯಲ್ಲಿ ಎರಡು ಸ್ಪ್ಲಿಟ್ ಎಸಿಗಳಿವೆ. ಹಾಲ್‌ನಲ್ಲಿದ್ದದ್ದು 2014ರಲ್ಲಿ ಕೊಂಡ ಒಂದೂವರೆ ಟನ್ನಿನ, 3 ಸ್ಟಾರ್‌ನ, ಇನ್ವರ್ಟರ್ (ಕೋಣೆ ತಂಪಾದಂತೆ ವೇಗ ಇಳಿಸಿಕೊಳ್ಳುವ ಬಗೆ) ಅಲ್ಲದ ಯಂತ್ರ. ಅದರೊಳಗಿನ ತಂಪು ಮಾಡುವ ಗ್ಯಾಸ್ ಆರ್-22. ಮಲಗುವ ಕೋಣೆಯದ್ದು 2019ರ ಒಂದು ಟನ್ನಿನ ಇನ್ವರ್ಟರ್, ಗ್ಯಾಸ್ ಆರ್-32. 2025ರ ಮಳೆಗಾಲ ಹಿಂದೆ ಸರಿದು ಅಕ್ಟೋಬರ್‌ನ ಸೆಕೆ ಶುರುವಾಗುವ ಹೊತ್ತಿಗೆ ಎರಡೂ ಕೈಕೊಟ್ಟವು. ಒಂದನ್ನು ರಿಪೇರಿ ಮಾಡಿಸಿದೆ, ಇನ್ನೊಂದನ್ನು ಬದಲಾಯಿಸಿದೆ. ಈ ನಡುವೆ ಕಂಪನಿಯ ಅಧಿಕೃತ ಸರ್ವೀಸ್, ಊರಿನ ಮೆಕ್ಯಾನಿಕ್ ಒಬ್ಬರ ಕೆಲಸ ಮತ್ತು ಹೊಸ ಎಸಿಯ ಖರೀದಿ, ಈ ಮೂರರ ಅನುಭವವೂ ಆದುದರಿಂದ ಇದೇ ಗೊಂದಲದಲ್ಲಿರುವವರಿಗೆ ಉಪಯೋಗವಾದೀತೆಂದು ಮೂರನ್ನೂ ಇಲ್ಲಿ ತೂಗಿ ನೋಡಿದ್ದೇನೆ.

ಮೊದಲು ಬಂದವರು ಕಂಪನಿಯ ಸರ್ವೀಸ್‌ನವರು. ಎರಡು ಯಂತ್ರಗಳು ಬೇರೆ ಬೇರೆ ಕಂಪನಿಯವು, ಆದರೆ ಇಬ್ಬರ ಪದ್ಧತಿಯಲ್ಲಿ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಭೇಟಿಗೆ ತೆರಿಗೆ ಸೇರಿ 590 ರೂಪಾಯಿಯನ್ನು ಮೊದಲೇ ಆ್ಯಪ್‌ನಲ್ಲಿ ಕಟ್ಟಿಸಿಕೊಂಡರು, ಹೇಳಿದ ಸಮಯಕ್ಕೆ ಸರಿಯಾಗಿ ಬಂದರು, ಯಂತ್ರದ ಮಾದರಿ ಸಂಖ್ಯೆಯನ್ನು ಫೋನಿನಲ್ಲಿ ನಮೂದಿಸಿದರು. ಅಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟು. ಹಾಲ್‌ನ ಯಂತ್ರಕ್ಕೆ ಗೇಜ್ ಹಾಕಿ ನೋಡಿದ ತಂತ್ರಜ್ಞರು, ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬಹುದು, ಆದರೆ ಹಳೆಯ ಮಾದರಿಯಾದ್ದರಿಂದ ಹೊಸದನ್ನೇ ತೆಗೆದುಕೊಳ್ಳುವುದು ಲೇಸು ಎಂದರು. ಮಲಗುವ ಕೋಣೆಯದ್ದರಲ್ಲಿ ದೀಪ ಮಿನುಗುವ ಕ್ರಮವನ್ನು ನೋಡಿದ ಇನ್ನೊಬ್ಬರು, ಹೊರಗಿನ ಯೂನಿಟ್‌ನ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಹೋಗಿದೆ, ಹೊಸ ಬೋರ್ಡ್‌ಗೆ ಕೂಲಿ ಸೇರಿ 13,200 ರೂಪಾಯಿ ಆಗುತ್ತದೆ, ಅಷ್ಟು ಖರ್ಚು ಮಾಡುವ ಬದಲು ಎಕ್ಸ್‌ಚೇಂಜ್‌ನಲ್ಲಿ ಹೊಸದು ಕೊಳ್ಳಿ ಎಂದರು. ಹೊರಗಿನ ಯೂನಿಟ್‌ನ ಮುಚ್ಚಳವನ್ನು ಬಿಚ್ಚಿ ನೋಡುವ ಗೋಜಿಗೆ ಅವರು ಹೋಗಲಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಬೋರ್ಡ್ ಹೋಗಿದೆ ಎಂಬುದು ಸರಿಯಾದ ಮಾತಾಗಿತ್ತು, ಆದರೆ ಅದು ಯಾಕೆ ಹೋಯಿತು, ಬೋರ್ಡ್‌ನಲ್ಲಿ ಏನು ಹೋಯಿತು ಎಂಬ ಪ್ರಶ್ನೆಗಳಿಗೆ ಅವರ ಪದ್ಧತಿಯಲ್ಲಿ ಜಾಗವೇ ಇಲ್ಲ. ಅವರು ಭಾಗವನ್ನು ಬದಲಾಯಿಸುತ್ತಾರೆ, ಇಲ್ಲವೇ ಯಂತ್ರವನ್ನೇ ಬದಲಾಯಿಸಲು ಹೇಳುತ್ತಾರೆ.

ನೆರೆಮನೆಯವರು ಸೂಚಿಸಿದ ಮೆಕ್ಯಾನಿಕ್ ಹಿಂದೆ ಕೊಲ್ಲಿಯ ದೇಶವೊಂದರಲ್ಲಿ ವರ್ಷಗಟ್ಟಲೆ ಎಸಿ ಕೆಲಸ ಮಾಡಿ ಊರಿಗೆ ಮರಳಿದವರು. ನಮ್ಮ ಜಿಲ್ಲೆಯಲ್ಲಿ ಇಂಥವರು ಅಲ್ಲಲ್ಲಿ ಸಿಗುತ್ತಾರೆ. ಮರಳುಗಾಡಿನ ಬಿಸಿಲಿನಲ್ಲಿ ಪಳಗಿದ ಕೈ ಎಂಬುದು ಅವರು ಸಲಕರಣೆ ಹರಡುವ ರೀತಿಯಲ್ಲೇ ಗೊತ್ತಾಗುತ್ತದೆ. ಪರೀಕ್ಷೆಗೆ 500 ರೂಪಾಯಿ, ರಿಪೇರಿ ಮಾಡಿಸಿದರೆ ಅದನ್ನು ಕಳೆದುಕೊಳ್ಳುತ್ತೇನೆ ಎಂದು ಮೊದಲೇ ಹೇಳಿದರು. ಹಾಲ್‌ನ ಯಂತ್ರಕ್ಕೆ ಗ್ಯಾಸ್ ತುಂಬಿಸಿದರೆ ಸಾಕಲ್ಲವೇ ಎಂದು ಕೇಳಿದಾಗ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಗ್ಯಾಸ್ ಖರ್ಚಾಗುವ ವಸ್ತು ಅಲ್ಲ ಸರ್. ಅದು ಕಡಿಮೆ ಆಗಿದೆ ಅಂದ್ರೆ ಎಲ್ಲಿಂದಲೋ ಹೋಗ್ತಾ ಉಂಟು. ಎಲ್ಲಿಂದ ಅಂತ ನೋಡದೆ ತುಂಬಿಸಿದ್ರೆ ನಿಮ್ಮ ದುಡ್ಡು ಗಾಳಿಗೆ."

ಇದು ಎಸಿ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ ಸಂಗತಿ. ಎಸಿಯ ಗ್ಯಾಸ್ ಅಡುಗೆ ಅನಿಲದಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ತಾಮ್ರದ ಕೊಳವೆಗಳೊಳಗೆ ಅದೇ ಗ್ಯಾಸ್ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕೊಳವೆ ತೂತಾಗದಿದ್ದರೆ ಯಂತ್ರ ಸಾಯುವ ತನಕ ಒಂದೇ ಭರ್ತಿ ಸಾಕು. ಪ್ರತಿ ಬೇಸಿಗೆಗೆ ಗ್ಯಾಸ್ ಹಾಕಿಸುವುದು ವಾಡಿಕೆ ಎಂದು ನಂಬಿ ವರ್ಷವರ್ಷವೂ ಮೂರು ಸಾವಿರದ ಮೇಲೆ ಕೊಡುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅದನ್ನು ಅವರು ಸರ್ವೀಸ್ ಎಂದುಕೊಂಡಿದ್ದಾರೆ. ಸರ್ವೀಸ್ ಎಂದರೆ ಫಿಲ್ಟರ್ ತೊಳೆದು, ಕಾಯಿಲ್‌ಗೆ (ಕೊಳವೆಗಳ ಸುರುಳಿಗೆ) ನೀರು ಹೊಡೆದು, ನೀರು ಹೋಗುವ ಪೈಪಿನ ಪಾಚಿ ತೆಗೆಯುವುದು. ಗ್ಯಾಸ್ ತುಂಬಿಸಬೇಕಾಗಿ ಬಂತೆಂದರೆ ಅದು ರೋಗದ ಲಕ್ಷಣ.

ಲೀಕ್ ಹುಡುಕಿದ ಕ್ರಮವನ್ನು ಪಕ್ಕದಲ್ಲಿ ನಿಂತು ನೋಡಿದೆ. ಉಳಿದಿದ್ದ ಅಲ್ಪ ಗ್ಯಾಸನ್ನು ತೆಗೆದು, ನೈಟ್ರೋಜನ್ ಸಿಲಿಂಡರ್‌ನಿಂದ 300 ಪಿಎಸ್‌ಐ ಒತ್ತಡ ತುಂಬಿ, ಗೇಜಿನ ಮುಳ್ಳಿನ ಮೇಲೆ ಪೆನ್ನಿನಿಂದ ಗುರುತು ಹಾಕಿ ಅವರು ಚಹಾ ಕುಡಿಯಲು ಕುಳಿತರು. ಚಹಾ ಮುಗಿಯುವಷ್ಟರಲ್ಲಿ ಮುಳ್ಳು ಗುರುತಿನಿಂದ ಕೆಳಗೆ ಸರಿದಿತ್ತು. ನಂತರ ಸೋಪಿನ ನೀರನ್ನು ಬ್ರಶ್‌ನಿಂದ ಕೀಲುಗಳಿಗೆಲ್ಲ ಹಚ್ಚುತ್ತಾ ಬಂದರು. ಒಳಗಿನ ಯೂನಿಟ್‌ನ ಕೀಲುಗಳಲ್ಲಿ ಏನೂ ಇಲ್ಲ. ಹೊರಗಿನ ಕಂಡೆನ್ಸರ್‌ನ, ಅಂದರೆ ಶಾಖ ಹೊರಹಾಕುವ ಕಾಯಿಲ್‌ನ, ಕೆಳಗಿನ ಸಾಲಿನಲ್ಲಿ, ತಾಮ್ರದ ಕೊಳವೆ ಬದಿಯ ತಗಡನ್ನು ದಾಟುವ ಜಾಗದಲ್ಲಿ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಅಲ್ಲಿಗೆ ವೆಲ್ಡಿಂಗ್ ಮಾಡಿ ಮುಚ್ಚಬಹುದಲ್ಲ ಎಂದೆ. ಅವರು ಮಾತಾಡದೆ ಸ್ಕ್ರೂಡ್ರೈವರ್‌ನ ತುದಿಯಿಂದ ಪಕ್ಕದ ಫಿನ್‌ಗಳನ್ನು ಮೆಲ್ಲಗೆ ಒತ್ತಿದರು. ಕೆಳಗಿನ ಐದಾರು ಸಾಲುಗಳುದ್ದಕ್ಕೂ ಅಲ್ಯೂಮಿನಿಯಂ ಬೂದಿಯಾಗಿ ಬಿತ್ತು. ಒಳಗಿನ ತಾಮ್ರದ ಮೇಲೆ ಹಸಿರು ಕಿಲುಬು.

ಉಪ್ಪುಗಾಳಿಯ ಊರಿನಲ್ಲಿ ಇದಕ್ಕೆ ಕಾರಣ ಸರಳ. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿಕೊಂಡಿದ್ದು, ಮೇಲೆ ಉಪ್ಪಿನ ತೇವ ಕೂತರೆ ಎರಡರ ನಡುವೆ ಸಣ್ಣದೊಂದು ಬ್ಯಾಟರಿಯೇ ನಿರ್ಮಾಣವಾಗಿ ಅಲ್ಯೂಮಿನಿಯಂ ಮೊದಲು ಸವೆಯುತ್ತದೆ. ಫಿನ್ ಹೋದಂತೆ ಶಾಖ ಹೊರಬೀಳುವುದು ಕಡಿಮೆಯಾಗುತ್ತದೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಹೆಚ್ಚು ಒತ್ತಡದಲ್ಲಿ ಹೆಚ್ಚು ಹೊತ್ತು ಓಡುತ್ತದೆ, ಕರೆಂಟ್ ಏರುತ್ತದೆ. ಕೊನೆಗೆ ತಾಮ್ರವೂ ತೆಳುವಾಗಿ ತೂತು ಬೀಳುತ್ತದೆ. ಒಂದು ತೂತನ್ನು ಮುಚ್ಚಿದರೆ ಅದರ ಬದಿಯಲ್ಲೇ ಇನ್ನೊಂದು ಕಾದಿರುತ್ತದೆ. ಇದೇ ವಯಸ್ಸಿನ ಯಂತ್ರ ತುಮಕೂರಿನಲ್ಲೋ ಮೈಸೂರಿನಲ್ಲೋ ಇದ್ದಿದ್ದರೆ ಕಾಯಿಲ್ ಇನ್ನೂ ಕೆಲವು ವರ್ಷ ಬಾಳುತ್ತಿತ್ತು. ಹತ್ತು ವರ್ಷ ದಾಟಿದ ಎಸಿಯನ್ನು ಬದಲಾಯಿಸಿ ಎಂಬ ಸಾರ್ವತ್ರಿಕ ಸಲಹೆಯನ್ನು ಹಾಗಾಗಿ ನಾನು ಹೆಚ್ಚು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಕೆಪಾಸಿಟರ್, ಫ್ಯಾನ್ ಮೋಟಾರ್, ಸೆನ್ಸರ್, ರಿಮೋಟ್ ರಿಸೀವರ್ ಇವುಗಳಲ್ಲಿ ಯಾವುದು ಕೆಟ್ಟರೂ ಯಂತ್ರಕ್ಕೆ ಎಷ್ಟೇ ವಯಸ್ಸಾಗಿದ್ದರೂ ಕಣ್ಣುಮುಚ್ಚಿ ರಿಪೇರಿ ಮಾಡಿಸಬಹುದು. ಕಂಪ್ರೆಸರ್ ಗುಂಯ್ ಎಂದು ನಿಂತುಬಿಡುವ ಎಷ್ಟೋ ಯಂತ್ರಗಳಿಗೆ ಬೇಕಿರುವುದು ಕೆಲವು ನೂರು ರೂಪಾಯಿಗಳ ಕೆಪಾಸಿಟರ್ ಮಾತ್ರ. ನಿಜವಾಗಿ ಯೋಚಿಸಬೇಕಾದದ್ದು ಕಾಯಿಲ್, ಕಂಪ್ರೆಸರ್ ಮತ್ತು ಇನ್ವರ್ಟರ್ ಯಂತ್ರಗಳ ಬೋರ್ಡ್, ಈ ಮೂರರ ವಿಷಯದಲ್ಲಿ.

ಮೆಕ್ಯಾನಿಕ್ ಕೊಟ್ಟ ಅಂದಾಜು ಹೀಗಿತ್ತು: ಹೊಸ ಕಂಡೆನ್ಸರ್ ಕಾಯಿಲ್‌ಗೆ 9,500, ಗ್ಯಾಸ್‌ಗೆ 3,500, ಕೂಲಿ 2,000, ಒಟ್ಟು 15,000 ರೂಪಾಯಿ. ಒಂದೂವರೆ ಟನ್ನಿನ ಹೊಸ 3 ಸ್ಟಾರ್ ಇನ್ವರ್ಟರ್‌ಗೆ ಅಂಗಡಿಯಲ್ಲಿ 35,500 ಹೇಳುತ್ತಿದ್ದರು. ರಿಪೇರಿಯ ವೆಚ್ಚ ಹೊಸದರ ಬೆಲೆಯ ಅರ್ಧ ದಾಟಿದರೆ ಮಾತ್ರ ಹೊಸದು ಕೊಳ್ಳಿ ಎಂಬ ಲೋಕರೂಢಿಯ ಪ್ರಕಾರ ಹೋದರೆ ನಾನು ರಿಪೇರಿಯನ್ನೇ ಮಾಡಿಸಬೇಕಿತ್ತು. ಮಾಡಿಸಲಿಲ್ಲ. ಆ ರೂಢಿಯ ದೋಷವೆಂದರೆ, 15,000 ಕೊಟ್ಟ ಮೇಲೂ ನನ್ನ ಬಳಿ ಉಳಿಯುವುದು 2014ರ ಕಂಪ್ರೆಸರ್, 2014ರ ಒಳಗಿನ ಕಾಯಿಲ್ ಮತ್ತು ತಳ ತುಕ್ಕು ಹಿಡಿದ ಪೆಟ್ಟಿಗೆ ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಮೇಲೆ ಆರ್-22ರ ಸಮಸ್ಯೆ ಬೇರೆ. ಓಝೋನ್ ಪದರಕ್ಕೆ ಹಾನಿ ಮಾಡುವ ವಸ್ತುಗಳ ಕುರಿತ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಈ ಗ್ಯಾಸ್ ಹಂತಹಂತವಾಗಿ ಹಿಂದೆ ಸರಿಯುತ್ತಿದೆ. ಭಾರತದಂತಹ ದೇಶಗಳು ಆರ್-22 ಸೇರಿರುವ ಗುಂಪಿನ ಗ್ಯಾಸ್‌ಗಳ ಬಳಕೆಯನ್ನು ಮೂಲ ಮಟ್ಟದಿಂದ 2025ಕ್ಕೆ ಶೇ 67.5ರಷ್ಟು ಇಳಿಸಿ, 2030ಕ್ಕೆ ಬಹುತೇಕ ನಿಲ್ಲಿಸಬೇಕು. ಆ ಮೇಲೆ ಉಳಿಯುವುದು ಹಳೆಯ ಯಂತ್ರಗಳ ಸರ್ವೀಸ್‌ಗೆಂದು ಅತ್ಯಲ್ಪ ಪ್ರಮಾಣ ಮಾತ್ರ. ಇಂದು ಮಾರುಕಟ್ಟೆಯಲ್ಲಿ ಆರ್-22 ಸಿಗುತ್ತದೆ, ಆದರೆ ಇಂದು ಕಾಯಿಲ್ ಹಾಕಿಸಿ ಐದು ವರ್ಷದ ನಂತರ ಮತ್ತೆ ಗ್ಯಾಸ್ ಹುಡುಕುವ ಪರಿಸ್ಥಿತಿ ಬಂದರೆ ಆಗಿನ ಬೆಲೆ ಹೇಗಿರುತ್ತದೋ. ಹಳೆಯ ಯಂತ್ರಕ್ಕೆ ಆರ್-32 ಅಥವಾ ಆರ್-410ಎ ಹಾಕಿಬಿಡುತ್ತೇನೆ ಎನ್ನುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು. ಆರ್-410ಎಯ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು, ಕಂಪ್ರೆಸರ್‌ನೊಳಗಿನ ಎಣ್ಣೆಯ ಜಾತಿಯೇ ಬೇರೆ. ಹಳೆಯ ಯಂತ್ರ ಅದನ್ನು ತಡೆಯುವಂತೆ ಕಟ್ಟಿದ್ದಲ್ಲ. ಇನ್ನು ಕೆಲವರು ಅಗ್ಗವೆಂದು ಪ್ರೊಪೇನ್‌ನಂತಹ ಬೆಂಕಿ ಹತ್ತುವ ಹೈಡ್ರೋಕಾರ್ಬನ್ ಮಿಶ್ರಣವನ್ನು ಆರ್-22 ಯಂತ್ರಕ್ಕೆ ತುಂಬುತ್ತಾರೆ. ಪ್ರೊಪೇನ್‌ಗೆಂದೇ ವಿನ್ಯಾಸಗೊಳಿಸಿದ ಎಸಿಗಳು ಭಾರತದಲ್ಲಿವೆ, ಅವುಗಳ ಸುರಕ್ಷತೆಯ ಏರ್ಪಾಡು ಬೇರೆ. ಹಳೆಯ ಪೆಟ್ಟಿಗೆಗೆ ಅದನ್ನು ತುಂಬುವುದು ಸರಾಸರಿ ಮನೆಯವರು ಹೊತ್ತುಕೊಳ್ಳಬೇಕಾದ ಅಪಾಯವಲ್ಲ.

ಅಂಗಡಿಯವರು ಹೊಸ ಎಸಿಯನ್ನು ಮಾರಲು ಮುಂದಿಡುವ ಮೊದಲ ವಾದ ಕರೆಂಟ್ ಬಿಲ್ಲಿನ ಉಳಿತಾಯ. ಇದನ್ನು ಕಾಗದದ ಮೇಲೆ ಮಾಡಿ ನೋಡಿದೆ. 2014ರ 3 ಸ್ಟಾರ್ ಎಂದರೆ ದಕ್ಷತೆಯ ಅನುಪಾತ (ಎಳೆದ ವಿದ್ಯುತ್ತಿನ ಎಷ್ಟು ಪಟ್ಟು ತಂಪು ಸಿಗುತ್ತದೆ ಎಂಬುದು) 3.1ರ ಆಸುಪಾಸು, ಒಂದೂವರೆ ಟನ್ ತಂಪಿಗೆ, ಅಂದರೆ ಸುಮಾರು 5.2 ಕಿಲೋವ್ಯಾಟ್‌ಗೆ, ಅದು ಸುಮಾರು 1.7 ಕಿಲೋವ್ಯಾಟ್ ಎಳೆಯುತ್ತದೆ. ಕಂಪ್ರೆಸರ್ ನಿಂತು ನಿಂತು ಓಡುವುದನ್ನು ಪರಿಗಣಿಸಿದರೆ ಗಂಟೆಗೆ 1.2 ಯೂನಿಟ್. ಹೊಸ 3 ಸ್ಟಾರ್ ಇನ್ವರ್ಟರ್‌ನ ಲೇಬಲ್‌ನಲ್ಲಿ 1,600 ಗಂಟೆಗೆ ಸುಮಾರು 1,000 ಯೂನಿಟ್ ಎಂದಿದೆ, ಅಂದರೆ ಗಂಟೆಗೆ 0.6ರ ಮೇಲೆ. ನಮ್ಮ ಹಾಲ್‌ನ ಎಸಿ ಓಡುವುದು ಸೆಕೆಯ ತಿಂಗಳುಗಳ ಸಂಜೆಗಳಲ್ಲಿ, ನೆಂಟರು ಬಂದಾಗ. ವರ್ಷಕ್ಕೆ 500 ಗಂಟೆ ಎಂದಿಟ್ಟುಕೊಳ್ಳೋಣ. ಉಳಿತಾಯ 300 ಯೂನಿಟ್‌ಗಿಂತ ಕಡಿಮೆ. ಸರ್‌ಚಾರ್ಜ್, ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 2,000 ರೂಪಾಯಿ. ಅಳವಡಿಕೆಯ ಖರ್ಚೂ ಸೇರಿ ರಿಪೇರಿಗಿಂತ ಹೆಚ್ಚುವರಿಯಾಗಿ ನಾನು ಕೊಡಬೇಕಾದದ್ದು ಸುಮಾರು 25,000. ಬಿಲ್ಲಿನ ಉಳಿತಾಯದಿಂದಲೇ ಅದು ಹಿಂತಿರುಗಬೇಕಾದರೆ ಹನ್ನೆರಡು ವರ್ಷ ಬೇಕು, ಕಡಲ ಬದಿಯ ಎಸಿ ಅಷ್ಟು ಬದುಕುವ ಭರವಸೆಯೇ ಇಲ್ಲ. ದಿನವಿಡೀ ಎಸಿ ಓಡಿಸುವ ಕ್ಲಿನಿಕ್‌ನವರಿಗೆ, ವರ್ಷದಲ್ಲಿ ಎಂಟು ತಿಂಗಳು ರಾತ್ರಿಯಿಡೀ ಹಾಕಿಕೊಳ್ಳುವವರಿಗೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ನನ್ನಂಥವರು ಮಾತ್ರ ಉಳಿತಾಯದ ಹೆಸರಿನಲ್ಲಿ ಹೊಸ ಎಸಿ ಕೊಳ್ಳಬೇಕಾಗಿಲ್ಲ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಾತು ಇಲ್ಲಿ ಬಂದೇ ಬರುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 200ರೊಳಗಿದ್ದು ತಮ್ಮ ಅರ್ಹತೆಯ ಮಿತಿಯನ್ನಷ್ಟೇ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ. ಹೊಸ ಎಸಿ ಹಾಕಿದರೆ 200ರೊಳಗೆ ಉಳಿಯಬಹುದು ಎಂದು ಅಂಗಡಿಯ ಹುಡುಗ ಹುರುಪಿನಿಂದ ಹೇಳಿದ. ಎಸಿ ಇಲ್ಲದ ತಿಂಗಳಲ್ಲಿ ನೂರು ಯೂನಿಟ್ ಸುಡುವ ಸಣ್ಣ ಸಂಸಾರಕ್ಕೆ ಆ ಮಾತು ನಿಜವಾಗಬಹುದು. ಫ್ರಿಜ್, ಪಂಪು, ಗೀಸರ್ ಸೇರಿ ಆಗಲೇ 170 ಮುಟ್ಟುವ ನಮ್ಮಂಥ ಮನೆಯಲ್ಲಿ ಏಪ್ರಿಲ್ ತಿಂಗಳಿಗೆ ಹಳೆಯ ಎಸಿಯಾದರೂ ಹೊಸ ಎಸಿಯಾದರೂ ಮೆಸ್ಕಾಂಗೆ ಪೂರ್ತಿ ಹಣ ಕಟ್ಟುವುದೇ.

ಮಲಗುವ ಕೋಣೆಯ ಯಂತ್ರದ ಕತೆ ಬೇರೆ. ಮೆಕ್ಯಾನಿಕ್ ಹೊರಗಿನ ಯೂನಿಟ್‌ನ ಮುಚ್ಚಳ ಬಿಚ್ಚಿದ ಕೂಡಲೇ ಕಾರಣ ಕಣ್ಣೆದುರೇ ಇತ್ತು: ವಿದ್ಯುತ್ ಒಳಬರುವ ಎರಡು ಟರ್ಮಿನಲ್‌ಗಳ ನಡುವೆ ಹಲ್ಲಿಯೊಂದು ಒಣಗಿ ಅಂಟಿಕೊಂಡಿತ್ತು, ಅದರ ಕೆಳಗೆ ಬೋರ್ಡ್ ಕಪ್ಪಾಗಿತ್ತು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ, ಇರುವೆಗಳು ಈ ಪೆಟ್ಟಿಗೆಯನ್ನು ಸೇರುವುದು ನಮ್ಮ ಕಡೆ ಮಾಮೂಲು. ಬೋರ್ಡನ್ನು ಬಿಚ್ಚಿ, ಮಂಗಳೂರಿನಲ್ಲಿ ಬೋರ್ಡ್ ರಿಪೇರಿಯನ್ನಷ್ಟೇ ಮಾಡುವವರ ಬಳಿ ಕೊಂಡೊಯ್ದರು. ಫ್ಯೂಸ್, ವೇರಿಸ್ಟರ್ (ವೋಲ್ಟೇಜ್ ಏರಿದಾಗ ಬೋರ್ಡನ್ನು ಕಾಯುವ ಬಿಡಿಭಾಗ) ಮತ್ತು ಸುಟ್ಟ ತಾಮ್ರದ ಗೆರೆಯ ತುಣುಕು, ಇವಿಷ್ಟೇ ಹೋಗಿದ್ದವು. ಕಂಪ್ರೆಸರನ್ನು ನಡೆಸುವ ಪವರ್ ಮಾಡ್ಯೂಲ್ ಸುರಕ್ಷಿತವಾಗಿತ್ತು. ಅದು ಹೋಗಿದ್ದರೆ ರಿಪೇರಿ ಒಪ್ಪುತ್ತಿರಲಿಲ್ಲ ಎಂದು ಬೋರ್ಡಿನವರು ಹೇಳಿ ಕಳಿಸಿದರಂತೆ. ಮೇಲೆ ತೇವ ತಡೆಯುವ ವಾರ್ನಿಷ್ ಬಳಿದು, ಬಿಚ್ಚಿ ಕೂರಿಸುವ ಕೂಲಿಯೂ ಸೇರಿ 2,800 ರೂಪಾಯಿ, ಮೂರು ತಿಂಗಳ ಗ್ಯಾರಂಟಿ. ವೈರ್ ಒಳಹೋಗುವ ತೂತಿಗೆ ಸ್ಟೀಲ್ ಜಾಲರಿ ತುರುಕಿದ್ದಕ್ಕೆ ಬೇರೆ ಹಣ ಕೇಳಲಿಲ್ಲ.

ಒಂದೇ ದೋಷಕ್ಕೆ ಒಬ್ಬರು 13,200, ಇನ್ನೊಬ್ಬರು 2,800 ಹೇಳುವಾಗ ಹೊಸದರ ಬೆಲೆಯ ಅರ್ಧ, ಮೂರನೇ ಒಂದು ಎಂಬ ಲೆಕ್ಕಾಚಾರಗಳಿಗೆ ಅರ್ಥವೇ ಉಳಿಯುವುದಿಲ್ಲ. ರಿಪೇರಿಯ ವೆಚ್ಚವನ್ನು ನಿರ್ಧರಿಸುವುದರಲ್ಲಿ ಯಂತ್ರದಷ್ಟೇ ಪಾಲು ಅದನ್ನು ಬಿಚ್ಚಿ ನೋಡಿದವರದ್ದೂ ಇದೆ. ಆದುದರಿಂದ ರಿಪೇರಿಯೋ ಹೊಸದೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಯಾವ ಭಾಗ, ಯಾವ ಜಾಗದಲ್ಲಿ, ಯಾವ ಕಾರಣಕ್ಕೆ ಕೆಟ್ಟಿದೆ ಎಂಬುದನ್ನು ಬರೆಸಿಕೊಳ್ಳುವುದಕ್ಕೆ ಐನೂರು ರೂಪಾಯಿ ಖರ್ಚು ಮಾಡುವುದು ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯವಹಾರದ ಅತ್ಯಂತ ಸಾರ್ಥಕ ಖರ್ಚು.

ಹೊರಗಿನವರಿಂದ ರಿಪೇರಿ ಮಾಡಿಸುವುದಕ್ಕೆ ಒಂದು ಅಡ್ಡಿಯೂ ಇದೆ. ಈ ಯಂತ್ರದ ಕಂಪ್ರೆಸರ್‌ಗೆ ಹತ್ತು ವರ್ಷದ ವಾರಂಟಿ, ಅಂದರೆ 2029ರವರೆಗೆ. ಅಧಿಕೃತರಲ್ಲದವರು ಕೈ ಹಾಕಿದರೆ ವಾರಂಟಿ ಇಲ್ಲ ಎಂಬ ಷರತ್ತು ಕಾರ್ಡಿನಲ್ಲಿದೆ. ಅದನ್ನು ಬಿಟ್ಟುಕೊಡುವ ಮೊದಲು ಆ ವಾರಂಟಿಯಲ್ಲಿ ಏನೇನು ಬರುತ್ತದೆ ಎಂದು ಓದಿದೆ: ಕಂಪ್ರೆಸರ್ ಮಾತ್ರ ಉಚಿತ, ಗ್ಯಾಸ್, ಕೂಲಿ, ಸಾಗಾಟ, ಭೇಟಿ ಶುಲ್ಕ ಎಲ್ಲವೂ ನಮ್ಮದೇ. ಹತ್ತು ವರ್ಷ ಎಂಬ ದೊಡ್ಡ ಅಕ್ಷರಗಳ ಕೆಳಗೆ ಇಷ್ಟೇ ಇರುವುದು. ಬೋರ್ಡ್‌ನ ವಾರಂಟಿ ಎಂದೋ ಮುಗಿದಿತ್ತು. ಹತ್ತು ಸಾವಿರದ ವ್ಯತ್ಯಾಸಕ್ಕೆ ಆ ಅಪಾಯವನ್ನು ಒಪ್ಪಿಕೊಂಡೆ. ಕೆಟ್ಟ ಭಾಗವೇ ವಾರಂಟಿಯೊಳಗಿದ್ದರೆ ನನ್ನ ಸಲಹೆ ತದ್ವಿರುದ್ಧ. ಕಂಪನಿಯವರನ್ನೇ ಕರೆಯಿರಿ, ಸತಾಯಿಸಿದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲ್‌ನಲ್ಲಿಯೂ ಕಂಪನಿಗಳ ಸರ್ವೀಸ್ ಮತ್ತು ಬಿಡಿಭಾಗಗಳ ವಿವರ ನೋಡಬಹುದು.

ಮೆಕ್ಯಾನಿಕ್‌ನವರ ಕುಂದುಗಳನ್ನೂ ಹೇಳಬೇಕು. ಹೇಳಿದ ದಿನ ಬರುವುದು ಅವರ ಜಾಯಮಾನದಲ್ಲಿಲ್ಲ. ಫೋನ್ ತೆಗೆದಾಗಲೆಲ್ಲ "ದಾರಿಯಲ್ಲಿದ್ದೇನೆ ಮಾರಾಯ್ರೆ" ಎನ್ನುವ ಉತ್ತರ ಬಂದರೂ ದಾರಿ ಎಲ್ಲಿಯದ್ದು ಎಂದು ಕೇಳುವಂತಿಲ್ಲ. ಗ್ಯಾರಂಟಿಯನ್ನು ಬಾಯಿಮಾತಿನಲ್ಲಿ ಮುಗಿಸಲು ನೋಡಿದರು, ಒತ್ತಾಯಿಸಿ ಕೈಬರಹದ ರಶೀದಿ ಪಡೆದೆ. ಕೆಲಸದ ಗುಣಮಟ್ಟಕ್ಕೆ ಪೂರ್ಣ ಅಂಕ, ಸಮಯಪಾಲನೆಗೆ ಕಡಿಮೆ ಅಂಕ. ಅಕ್ಟೋಬರ್, ನವೆಂಬರ್‌ನಲ್ಲಿ ಇವರಿಗೆ ಕೆಲಸ ಕಡಿಮೆ ಇರುವುದರಿಂದ ಆಗ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಏಪ್ರಿಲ್‌ನಲ್ಲಿ ಕರೆದರೆ ಎಂಥ ಒಳ್ಳೆಯ ಮೆಕ್ಯಾನಿಕ್ ಕೂಡ ನೈಟ್ರೋಜನ್ ಹಾಕಿ ಕಾಯುತ್ತಾ ಕೂರಲಾರ, ಗ್ಯಾಸ್ ತುಂಬಿಸಿ ಮುಂದಿನ ಮನೆಗೆ ಹೊರಡುತ್ತಾನೆ.

ಹಾಲ್‌ಗೆ ಹೊಸ ಎಸಿ ಕೊಂಡಾಗ 5 ಸ್ಟಾರನ್ನು ಬಿಟ್ಟು 3 ಸ್ಟಾರ್ ಆರಿಸಿಕೊಂಡದ್ದಕ್ಕೆ ಅಂಗಡಿಯವರೂ ಮನೆಯವರೂ ಹುಬ್ಬೇರಿಸಿದರು. ಲೆಕ್ಕ ಮತ್ತದೇ: ಲೇಬಲ್ ಪ್ರಕಾರ ಎರಡರ ನಡುವಿನ ವ್ಯತ್ಯಾಸ 1,600 ಗಂಟೆಗೆ ಸುಮಾರು 200 ಯೂನಿಟ್, ನನ್ನ 500 ಗಂಟೆಗೆ ಅರವತ್ತು ಚಿಲ್ಲರೆ, ಅಂದರೆ ವರ್ಷಕ್ಕೆ 450 ರೂಪಾಯಿಗೂ ಕಡಿಮೆ. ಬೆಲೆಯ ವ್ಯತ್ಯಾಸ 7,500. ಮಲಗುವ ಕೋಣೆಗೆ ಕೊಳ್ಳುವುದಿದ್ದರೆ 5 ಸ್ಟಾರನ್ನೇ ಕೊಳ್ಳುತ್ತಿದ್ದೆ. ಸ್ಟಾರ್ ನೋಡುವಾಗ ಲೇಬಲ್‌ನ ಮೇಲೆ ಮುದ್ರಿಸಿರುವ ಅವಧಿಯನ್ನೂ ನೋಡಬೇಕು, ಏಕೆಂದರೆ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. 2018ರಲ್ಲಿ ಇಡೀ ವರ್ಷದ ದಕ್ಷತೆಯ ಅನುಪಾತ 4.5 ದಾಟಿದರೆ ಸಿಗುತ್ತಿದ್ದ 5 ಸ್ಟಾರ್‌ಗೆ 2022ರ ಜುಲೈ ನಂತರ 5.0 ಬೇಕಾಯಿತು. ಗೋದಾಮಿನಲ್ಲಿ ಉಳಿದ ಹಳೆಯ ದಾಸ್ತಾನಿನ 5 ಸ್ಟಾರ್ ಹೊಸ 4 ಸ್ಟಾರ್‌ಗೆ ಸಮವಾಗಿರಬಹುದು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ನನ್ನ ಯಂತ್ರಕ್ಕೆ ಸುಮಾರು 3,000 ರೂಪಾಯಿ ಕಡಿಮೆಯಾಯಿತು. ಅದಕ್ಕಿಂತ ಕೆಲವು ವಾರ ಮುಂಚೆ ಕೆಟ್ಟಿದ್ದರೆ ಅಷ್ಟು ಹೆಚ್ಚು ತೆರಬೇಕಿತ್ತು.

ಕರಾವಳಿಯವರು ಸ್ಟಾರ್‌ಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಕಂಡೆನ್ಸರ್‌ಗೆ. ತಾಮ್ರದ ಕೊಳವೆಯ ಕಾಯಿಲ್ ಆದರೆ ಲೀಕ್ ಆದಾಗ ವೆಲ್ಡಿಂಗ್ ಮಾಡಲು ಸಾಧ್ಯ, ಪೂರ್ತಿ ಅಲ್ಯೂಮಿನಿಯಂ ಆದರೆ ಬಹುತೇಕ ಬದಲಾಯಿಸುವುದೇ. ಫಿನ್‌ಗಳ ಮೇಲೆ ನೀಲಿ ಲೇಪನ ಹಲವರು ಕೊಡುತ್ತಾರೆ, ಅದರಿಂದ ಸ್ವಲ್ಪ ಕಾಲ ತಡೆಯೂ ಸಿಗುತ್ತದೆ. ಆದರೆ ಉಪ್ಪುಗಾಳಿಯಿಂದಾದ ತುಕ್ಕಿಗೆ ವಾರಂಟಿ ಅನ್ವಯಿಸದು ಎಂಬ ಸಾಲು ಎಷ್ಟೋ ವಾರಂಟಿ ಪತ್ರಗಳಲ್ಲಿ ಇರುತ್ತದೆ. ಆ ಸಾಲು ಇಲ್ಲದ ಮಾದರಿಯನ್ನು ಹುಡುಕಿ ಅದನ್ನೇ ಕೊಂಡೆ. ಸಾವಿರ ರೂಪಾಯಿ ರಿಯಾಯಿತಿಗೆ ಜಗ್ಗುವುದಕ್ಕಿಂತ ಈ ಹುಡುಕಾಟಕ್ಕೆ ಅರ್ಧ ಗಂಟೆ ಕೊಡುವುದು ಮೇಲು.

ಅಳವಡಿಕೆಯಲ್ಲಿ ಜಗಳವಾಗದೇ ಹೋದದ್ದು ಮುಂಚಿತವಾಗಿ ಮಾತಾಡಿಕೊಂಡದ್ದರಿಂದ. ಗೋಡೆಯೊಳಗಿದ್ದ ಹಳೆಯ ತಾಮ್ರದ ಪೈಪನ್ನೇ ಬಳಸೋಣ ಎಂದು ಅಂಗಡಿ ಕಳಿಸಿದ ಹುಡುಗರು ಹೇಳಿದರು. ಆ ಪೈಪಿನೊಳಗೆ ಆರ್-22 ಯಂತ್ರದ ಹಳೆಯ ಎಣ್ಣೆಯ ಪದರ ಇರುತ್ತದೆ, ಆರ್-32ರ ಎಣ್ಣೆಗೂ ಅದಕ್ಕೂ ಆಗಿಬರದು. ಹೊಸ ಪೈಪನ್ನೇ ಹಾಕಿಸಿದೆ. ಯಂತ್ರದ ಜತೆ ಬರುವ ಮೂರು ಮೀಟರ್‌ಗಿಂತ ಹೆಚ್ಚು ಬೇಕಾದುದಕ್ಕೆ ಮೀಟರ್‌ಗೆ 900ರಂತೆ ಕೊಟ್ಟೆ. ಪೈಪಿನೊಳಗಿನ ಗಾಳಿಯನ್ನು ಹೊರಹಾಕಲು ವಾಲ್ವ್ ಒಂದಿಷ್ಟು ತೆರೆದು ಗ್ಯಾಸನ್ನೇ ಬುಸ್ಸೆಂದು ಬಿಡುವುದು ಹಲವರ ಅಭ್ಯಾಸ. ಅದರಿಂದ ಗ್ಯಾಸೂ ಹೋಗುತ್ತದೆ, ತೇವಾಂಶವೂ ಒಳಗೇ ಉಳಿದು ನಿಧಾನವಾಗಿ ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ. ವ್ಯಾಕ್ಯೂಮ್ ಪಂಪ್ ತರದಿದ್ದರೆ ಕೆಲಸ ಬೇಡ ಎಂದು ಫೋನಿನಲ್ಲೇ ಹೇಳಿದ್ದರಿಂದ ಗೊಣಗುತ್ತಲೇ ತಂದರು. ಹೊರಗಿನ ಯೂನಿಟನ್ನು ಮಾತ್ರ ಕಡಲಿಗೆ ಮುಖಮಾಡಿದ ಪಶ್ಚಿಮದ ಗೋಡೆಯಿಂದ ತೆಗೆದು ಉತ್ತರದ ಬದಿಗೆ ಹಾಕಿಸಿದೆ. ತಿಂಗಳಿಗೊಮ್ಮೆ ಸಿಹಿನೀರನ್ನು ಪೈಪಿನಿಂದ ಮೆಲ್ಲಗೆ ಹಾಯಿಸಿ ಉಪ್ಪು ತೊಳೆಯುತ್ತೇವೆ.

ಹೊಸ ಯಂತ್ರ ಈಗ ಮಾರ್ಚ್, ಏಪ್ರಿಲ್‌ಗಳ ಸೆಕೆಯನ್ನು ಕಂಡಾಗಿದೆ. ಸದ್ದು ತೀರಾ ಕಡಿಮೆ, ಸ್ಟೆಬಿಲೈಸರ್‌ನ ಹಂಗಿಲ್ಲ, ಏಪ್ರಿಲ್ ಬಿಲ್‌ನಲ್ಲಿ ಹಿಂದಿನ ವರ್ಷಕ್ಕಿಂತ ಅರವತ್ತರಷ್ಟು ಯೂನಿಟ್ ಕಡಿಮೆ ಬಂತು. ಆದರೆ ಒಂದು ವಿಷಯದಲ್ಲಿ ಹಳೆಯದೇ ವಾಸಿ ಎನಿಸುತ್ತದೆ. ನಮ್ಮೂರಿನಲ್ಲಿ ಎಸಿಯ ಅರ್ಧ ಕೆಲಸ ಗಾಳಿಯ ತೇವ ಹಿಂಡುವುದು. ಹಳೆಯ ಯಂತ್ರ ಓಡಿದಷ್ಟು ಹೊತ್ತು ಪೂರ್ತಿ ಶಕ್ತಿಯಲ್ಲಿ ಓಡಿ ನೀರನ್ನು ಧಾರಾಳವಾಗಿ ಇಳಿಸುತ್ತಿತ್ತು. ಇನ್ವರ್ಟರ್ ಯಂತ್ರ ಕೋಣೆ ತಂಪಾದೊಡನೆ ವೇಗ ಇಳಿಸಿಕೊಳ್ಳುತ್ತದೆ, ಆಗ ಕಾಯಿಲ್ ಅಷ್ಟು ತಣ್ಣಗಿರುವುದಿಲ್ಲ, ತೇವ ಇಳಿಯುವುದೂ ಕಡಿಮೆ. 26 ಡಿಗ್ರಿಗೆ ಇಟ್ಟರೆ ತಂಪಿದ್ದೂ ಮೈ ಅಂಟು ಅಂಟು. 2020ರ ಜನವರಿಯಿಂದ ಎಲ್ಲ ಸ್ಟಾರ್ ಎಸಿಗಳೂ ಆನ್ ಮಾಡಿದೊಡನೆ 24 ಡಿಗ್ರಿಗೆ ಬರುವಂತೆ ನಿಯಮವಿದೆ. ನಾವು ಹೆಚ್ಚಾಗಿ ಅದನ್ನೇ ಬಿಡುತ್ತೇವೆ, ಇಲ್ಲವೇ ಡ್ರೈ ಮೋಡ್‌ಗೆ ಹಾಕಿ ಮೇಲೆ ಫ್ಯಾನ್ ತಿರುಗಿಸುತ್ತೇವೆ. ಆರಿಸುವಾಗ ಅಗತ್ಯಕ್ಕಿಂತ ದೊಡ್ಡ ಟನ್ನಿನ ಯಂತ್ರ ಕೊಂಡವರಿಗೆ ಈ ತೊಂದರೆ ಇನ್ನೂ ಹೆಚ್ಚು.

ಹಳೆಯ ಯಂತ್ರಕ್ಕೆ ಅಂಗಡಿಯವರು ಎಕ್ಸ್‌ಚೇಂಜ್‌ನಲ್ಲಿ 2,500 ಹೇಳಿದರು, ಗುಜರಿಯವರು ತಾಮ್ರದ ಆಸೆಗೆ 4,800 ಹೇಳಿದರು. ಗುಜರಿಯಲ್ಲಿ ಪೈಪನ್ನು ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಡುತ್ತಾರೆ ಎಂಬುದು ಗೊತ್ತಿದ್ದರೂ ನನ್ನ ಯಂತ್ರದ ಗ್ಯಾಸ್ ಆಗಲೇ ಖಾಲಿಯಾಗಿತ್ತು. ಆದರೂ 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಎಸಿ ಸರಿಯಾದ ಮರುಬಳಕೆದಾರರನ್ನು ಸೇರಬೇಕಾದ ವಸ್ತುವಾದ್ದರಿಂದ, ಕಂಪನಿಯ ಸಂಗ್ರಹಕ್ಕೆ ಹೋಗುತ್ತದೆ ಎಂದು ಬಿಲ್‌ನಲ್ಲಿ ಬರೆಸಿಕೊಂಡು ಅಂಗಡಿಗೇ ಕೊಟ್ಟೆ.

ರಿಪೇರಿಯಾದ ಮಲಗುವ ಕೋಣೆಯ ಯಂತ್ರದ ಗ್ಯಾರಂಟಿ ಮುಗಿದಿದೆ, ಯಂತ್ರ ಓಡುತ್ತಿದೆ. ಅದರ ಕಂಡೆನ್ಸರ್‌ನ ಕೆಳಗಿನ ಸಾಲುಗಳಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡಿರುವುದನ್ನು ಮೆಕ್ಯಾನಿಕ್ ಆಗಲೇ ತೋರಿಸಿದ್ದರು. ಫ್ಯಾನ್ ಮೋಟಾರ್ ಅಥವಾ ಸೆನ್ಸರ್ ಕೆಟ್ಟರೆ ಇನ್ನೊಮ್ಮೆ ಅವರನ್ನೇ ಕರೆಯುತ್ತೇನೆ. ಬೋರ್ಡ್ ಮತ್ತೆ ಹೋದರೆ ಮೂರು ಸಾವಿರದೊಳಗೆ ಆಗುವುದಾದರೆ ಮಾತ್ರ ಮಾಡಿಸುತ್ತೇನೆ. ಕಾಯಿಲ್ ತೂತಾದರೆ ಗ್ಯಾಸ್‌ಗೆ ಒಂದು ರೂಪಾಯಿಯನ್ನೂ ಹಾಕದೆ, ಆ ವರ್ಷದ ಲೇಬಲ್ ನೋಡಿ 5 ಸ್ಟಾರ್‌ನ ಒಂದು ಟನ್ನಿನ ಯಂತ್ರ ತರುತ್ತೇನೆ.